ಸಾಲಿನಲ್ಲಿ ಅಕ್ಕನ ಚಪ್ಪಲಿ

"ನಿನಗೆ ಡಾಕ್ಟರು ಬೇಕಾದ ದಿನ ನಾನೇ ಕರ್ಕೊಂಡು ಬರ್ತೀನಿ ಕಣಕ್ಕ" ಎಂದು ತಮ್ಮ ಮಾತು ಕೊಟ್ಟಿದ್ದು, ನಗರದ ದೊಡ್ಡ ಆಸ್ಪತ್ರೆಯಲ್ಲಿ ಲಿಫ್ಟ್ ನಡೆಸುವ ಕೆಲಸ ಸಿಕ್ಕ ವರ್ಷ. ತಾಯಿಯಿಲ್ಲದ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳು. ಕೆಲಸಕ್ಕೆ ಸೇರಿದಂದಿನಿಂದ ಅವನ ಲಿಫ್ಟಿನಲ್ಲಿ ಡಾಕ್ಟರುಗಳದೇ ಸಂತೆ. ಹೃದಯದವರು ಮೂರನೇ ಮಹಡಿ, ಮೂಳೆಯವರು ಐದನೇದು. ಒಮ್ಮೊಮ್ಮೆ ಕಾಲಿಡಲು ಜಾಗವಿಲ್ಲ.

ಸೋಮವಾರ ಅಕ್ಕ ಊರಿಂದ ಫೋನು ಮಾಡಿ, "ಎದೆ ಹಿಂಡಿದ ಹಾಗಾಗುತ್ತೆ ಕಣೋ" ಎಂದಳು.

"ಈಗಲೇ ಹೊರಟು ಬಾ."

"ಅಷ್ಟು ದೂರ ಬಂದ್ರೆ ದಾರೀಲೇ ಅರ್ಧ ಜೀವ ಹೋಗುತ್ತೆ. ಇಲ್ಲಿಗೆ ಡಾಕ್ಟ್ರಮ್ಮ ಬರೋದು ಗುರುವಾರ. ನಮ್ಮೂರ ಕಾಯಿಲೆಗಳಿಗೂ ಅದು ಗೊತ್ತು ಬಿಡು, ಕಾಯ್ತವೆ" ಎಂದು ನಕ್ಕಳು.

ಅವನು ಮೂರನೇ ಮಹಡಿಯ ಹಿರಿಯ ಡಾಕ್ಟರನ್ನು ಲಿಫ್ಟಿನಲ್ಲೇ ಕೇಳಿಬಿಟ್ಟ. "ಕರ್ಕೊಂಡು ಬಾರಪ್ಪ, ನೋಡೋಣ" ಎಂದರು. ಬಾಗಿಲು ತೆರೆಯಿತು, ಇಳಿದು ಹೋದರು. 'ನೀವೇ ಬನ್ನಿ ಸಾರ್' ಎನ್ನುವಷ್ಟರಲ್ಲಿ ಬಾಗಿಲು ಮುಚ್ಚಿಕೊಂಡಿತು.

ಬದಲಿ ಆಳು ಸಿಕ್ಕಿ ರಜೆಯಾಗಿದ್ದು ಗುರುವಾರ. ಅವಳನ್ನು ಕರೆತಂದೇ ತೀರುವುದೆಂದು ಕಾರು ಮಾಡಿಕೊಂಡು ಹೋದ.

ಊರಿನ ಚಿಕಿತ್ಸಾ ಕೋಣೆಯ ಮುಂದೆ ಉದ್ದ ಸಾಲು. ಜನರದಲ್ಲ, ಚಪ್ಪಲಿಗಳದು. ಕಾಯಿಲೆಯವರು ಬಿಸಿಲಲ್ಲಿ ನಿಲ್ಲಲಾರರೆಂದು ಊರವರೇ ಮಾಡಿಕೊಂಡ ಏರ್ಪಾಟು: ಚಪ್ಪಲಿ ಸಾಲಿನಲ್ಲಿ, ಜನ ನೆರಳಿನಲ್ಲಿ. ಅಕ್ಕನ ನೀಲಿ ಪಟ್ಟಿಯ ಜೋಡಿ ಬಾಗಿಲ ಹತ್ತಿರವೇ ಇತ್ತು.

"ಬಂದ್ಯೇನೋ ಲಿಫ್ಟು?" ಎಂದಳು ಪಕ್ಕದ ಮನೆಯ ಅಜ್ಜಿ. "ನಿಮ್ಮಕ್ಕ ಅಗೋ, ಗೋಡೆಗೊರಗಿ ಒಳ್ಳೆ ನಿದ್ದೆ. ರಾತ್ರಿಯೆಲ್ಲ ಕಣ್ಣು ಮುಚ್ಚಿಲ್ವಂತೆ. ಎಬ್ಬಿಸಬೇಡ, ಪಾಪ. ಬೆಳಿಗ್ಗೆಯಿಂದ ಅವಳ ಚಪ್ಪಲೀನ ನಾನೇ ಮುಂದಕ್ಕೆ ನೂಕ್ತಾ ಬಂದಿದೀನಿ. ಒಬ್ಬರನ್ನೂ ಮಧ್ಯ ನುಗ್ಗೋಕೆ ಬಿಟ್ಟಿಲ್ಲ."

ಅವನು ಹೋಗಿ ಭುಜ ಮುಟ್ಟಿದ. ಅಕ್ಕ ಹಾಗೆಯೇ ಪಕ್ಕಕ್ಕೆ ವಾಲಿದಳು. ಆ ಸೆಕೆಯಲ್ಲೂ ಕೈ ತಣ್ಣಗಿತ್ತು. ಬೆರಳುಗಳು ಮಡಚಲಿಲ್ಲ.

"ಎಬ್ಬಿಸಬೇಡ ಅಂದ್ರೆ ಕೇಳಲ್ಲ ನೋಡು" ಎಂದು ಅಜ್ಜಿ ಹಿಂದೆ ಗೊಣಗುತ್ತಲೇ ಇದ್ದಳು. ಒಳಗಿನಿಂದ "ಮುಂದಿನವರು ಬನ್ನಿ" ಎಂದು ಕೂಗು ಬಂತು. ಯಾರೋ ನೀಲಿ ಚಪ್ಪಲಿಯನ್ನು ಹೊಸ್ತಿಲಿಗೆ ಸರಿಸಿದರು.

ಅವನು ಒಳಗೆ ನುಗ್ಗಿ ಡಾಕ್ಟರಮ್ಮನ ತೋಳು ಹಿಡಿದ. ಆಕೆ ಸ್ಟೆತಾಸ್ಕೋಪ್ ಸಮೇತ ಓಡಿಬಂದರು, ಮಣಿಕಟ್ಟು ಹಿಡಿದರು, ಕಣ್ಣಿಗೆ ಟಾರ್ಚು ಬಿಟ್ಟರು.

"ತುಂಬಾ ಹೊತ್ತಾಗಿದೆಯಲ್ಲಪ್ಪ... ಯಾರೂ ನೋಡಲಿಲ್ವಾ?"

ಅಜ್ಜಿ ಬಾಯಿಗೆ ಸೆರಗೊತ್ತಿಕೊಂಡು ಕುಸಿದಳು.

ಅಕ್ಕನಿದ್ದಲ್ಲಿಗೆ ಡಾಕ್ಟರನ್ನು ತಮ್ಮನೇ ಕರೆದುಕೊಂಡು ಬಂದಿದ್ದ. ಕೊಟ್ಟ ಮಾತು ನಡೆಯಿತು.