ಹೊಂಡದಲ್ಲಿ ಕುಳಿತ ಗಂಗೆ

ಕಾಲುವೆ ಬಂದ ಮೇಲೆ ನಮ್ಮೂರಿಗೆ ಲಕ್ಷ್ಮಿ ಬಂದಳು. ಭತ್ತದ ಗದ್ದೆ, ಅಕ್ಕಿ ಗಿರಣಿ, ತಾರಸಿ ಮನೆ, ಮನೆಗೊಂದು ಪಾಯಖಾನೆ. ಅಷ್ಟೂ ಐಶ್ವರ್ಯ ಕೊನೆಗೆ ದೊಡ್ಡ ಚರಂಡಿಯಾಗಿ ಸ್ನಾನಘಟ್ಟದ ಪಕ್ಕದಲ್ಲೇ ತುಂಗಭದ್ರೆಗೆ ಇಳಿಯುತ್ತಿತ್ತು. ತಾಯಿ ಎಂದ ಮೇಲೆ ಮಕ್ಕಳದ್ದೆಲ್ಲ ತೊಳೆಯಬೇಕಲ್ಲ ಎಂದು ಊರು ನೆಮ್ಮದಿಯಾಗಿತ್ತು.

ನೆಮ್ಮದಿಯಿಲ್ಲದವಳು ಗಾಳೆಮ್ಮ ಒಬ್ಬಳೇ. ಊರಮ್ಮನ ಶುಕ್ರವಾರದ ಅಭಿಷೇಕಕ್ಕೆ ಹೊಳೆಯ ನೀರೇ ಆಗಬೇಕು. ಅದನ್ನು ಹೊತ್ತು ತರುವ ಸೇವೆ ಅವಳ ಮನೆತನದ್ದು. ಮಡಿಯಲ್ಲಿ ಹೋಗಿ, ಹೊಲಸು ತೇಲುವ ನೀರನ್ನು ತಂದು ದೇವಿಯ ಮುಂದಿಡುವಾಗ ಅವಳಿಗೆ ತಲೆ ಎತ್ತಲಾಗುತ್ತಿರಲಿಲ್ಲ.

ಅವಳು ಪುರಸಭೆಯ ಬಾಗಿಲು ಬಡಿದೂ ಬಡಿದೂ, ಎಂಬತ್ತರ ದಶಕದಲ್ಲಿ ಕಡೆಗೂ ಹೊಸಪೇಟೆಯಿಂದ ಇಂಜಿನಿಯರ್ ಬಂದು ಊರಾಚೆ ಹೊಂಡ ತೋಡಿಸಿದರು. ಚರಂಡಿ ನೀರು ಅಲ್ಲಿ ಬಿಸಿಲಿಗೆ ನಿಂತು, ಹೊಲಸು ತಳಕ್ಕಿಳಿದು, ತಿಳಿಯಾದದ್ದು ಗದ್ದೆಗೆ ಹೋಗಬೇಕು. ಆದರೆ ಉದ್ಘಾಟನೆಗೆ ಚರಂಡಿ ನೀರು ಶೋಭೆಯೇ? ಪುರಸಭೆಯ ಅಧ್ಯಕ್ಷರು, ಗಿರಣಿ ಮಾಲೀಕ ದೊಡ್ಡಬಸಪ್ಪನವರು, ಹೊಂಡಕ್ಕೆ ಕಾಲುವೆ ನೀರು ತುಂಬಿಸಿ, ಹೊಸ ಕೆರೆಗೆ ಮಾಡುವ ಹಾಗೆ ಗಂಗಾಪೂಜೆ ಮಾಡಿ, ಬಾಗಿನ ಬಿಟ್ಟರು.

ಮರುದಿನ ಚರಂಡಿಯನ್ನು ಹೊಂಡಕ್ಕೆ ತಿರುಗಿಸುವ ಗೇಟು ಎತ್ತಲು ಹೋದರೆ ಊರ ಹಿರಿಯ ಗವಿಸಿದ್ದಪ್ಪ ಅಡ್ಡ ನಿಂತರು.

"ಬಾಗಿನ ಕೊಟ್ಟ ಗಂಗವ್ವನ ಮ್ಯಾಲ ಪಾಯಖಾನಿ ನೀರು ಬಿಡ್ತೀರೇನ್ರಿ? ಊರು ಉಳಿತೈತೇನು?"

ಊರಿಗೆಲ್ಲ ಹೌದೆನಿಸಿತು. ಗೇಟು ಮುಚ್ಚೇ ಉಳಿಯಿತು. ಚರಂಡಿ ಭಯಭಕ್ತಿಯಿಂದ ಹೊಳೆಗೇ ಹರಿಯಿತು.

"ಹೊಳಿಗೂ ವರ್ಸಾ ಬಾಗಿನ ಕೊಡ್ತೀರಲ್ಲೋ ಯಪ್ಪಾ," ಎಂದಳು ಗಾಳೆಮ್ಮ.

"ಹೊಳಿ ದೊಡ್ಡಾಕಿ, ತಡಕಂತಾಳ. ಈಕಿ ನಿನ್ನೆ ಬಂದಾಕಿ," ಎಂದರು ಗವಿಸಿದ್ದಪ್ಪ.

"ಹಂಗಾದ್ರ ಕರಸಿದೋರೇ ಕಳಸ್ರಿ. ಕಳಸದಾಗ ತುಂಬಿ ಹೊಳಿಗೆ ಬಿಟ್ಟು ಬರ್ರಿ. ಗಣಪ್ಪನ್ನ ಕಳಸಲ್ಲೇನು?"

ಇದರಲ್ಲಿ ಶಾಸ್ತ್ರದ ತಪ್ಪು ಯಾರಿಗೂ ಸಿಗಲಿಲ್ಲ. ಶುಕ್ರವಾರಕ್ಕೆ ಪಕ್ಕದೂರು ಮೆಟ್ರಿಯಿಂದ ಡೊಳ್ಳಿನವರನ್ನು ಕರೆಸಿದ್ದಾಯಿತು. ಹೊಂಡದ ನೀರಿನ ಕಳಸವನ್ನು ತಲೆಯ ಮೇಲೆ ಹೊತ್ತು ದೊಡ್ಡಬಸಪ್ಪನವರು ಸ್ನಾನಘಟ್ಟಕ್ಕೆ ಬಂದರು. ಒಂದು ಮೆಟ್ಟಿಲು ಇಳಿದರು. ಎದುರಿಗೆ ಅವರ ಮನೆಯದೂ ಸೇರಿದಂತೆ ಊರಿನ ಐಶ್ವರ್ಯವೆಲ್ಲ ತೇಲುತ್ತಿತ್ತು. ಪಂಚೆ ಎತ್ತಿಕೊಂಡರು, ಮತ್ತೆ ಮೇಲೆ ಹತ್ತಿದರು.

"ಇದರಾಗ ಹೆಂಗ ಇಳೀಲಿ ಬೇ? ಗಂಗವ್ವನ್ನ ಇದರಾಗ ಹೆಂಗ ಸುರೀಲಿ?"

"ನಾ ಇಳಿತೀನಲ್ರಿ, ಪ್ರತಿ ಸುಕ್ರಾರ."

ಡೊಳ್ಳು ನಿಂತಿತು. ಗಾಳೆಮ್ಮ ತನ್ನ ಖಾಲಿ ಕೊಡವನ್ನು ಮುಂದೆ ಹಿಡಿದಳು.

"ಇದರಾಗ ಹಾಕ್ರಿ. ಇವತ್ತಾದ್ರೂ ಅಮ್ಮ ತಣ್ಣಗ ಮೈ ತೊಳಕಳ್ಳಿ."

ಅಧ್ಯಕ್ಷರು ತಲೆ ತಗ್ಗಿಸಿ ಸುರಿದರು. ಹಾಗೆ ಚರಂಡಿ ಹೊಂಡದ ನೀರು ಊರಮ್ಮನ ನೆತ್ತಿಗೇರಿತು; ಆ ವರ್ಷ ಅವಳಿಗೆ ಸಿಕ್ಕ ಮೊದಲ ಶುದ್ಧ ನೀರೆಂದರೆ ಅದೇ. ಗಂಗೆ ಗುಡಿ ಸೇರಿದ್ದಾಯಿತು, ಇನ್ನು ದೋಷವಿಲ್ಲ ಎಂದು ಗವಿಸಿದ್ದಪ್ಪನವರೇ ನಿಂತು ಗೇಟು ಎತ್ತಿಸಿದರು. ಆದರೂ ಇರಲಿ ಎಂದು, ಹೊಂಡದ ದಾರಿಯಲ್ಲಿ ಹೋಗುವವರು ಒಂದು ಕೈಯಲ್ಲಿ ಮೂಗು ಹಿಡಿದು, ಇನ್ನೊಂದನ್ನು ಹಣೆಗೆ ಮುಟ್ಟಿಸಿ ಮುಂದೆ ಹೋಗುತ್ತಿದ್ದರು.

ಮುಂದಿನ ಶುಕ್ರವಾರ ಗಾಳೆಮ್ಮ ಹೊಳೆಗಿಳಿದಳು. ಕೊಡ ತುಂಬಿದ ಮೇಲೆ, ಎಷ್ಟೋ ವರ್ಷಗಳ ನಂತರ, ಒಂದು ಬೊಗಸೆ ತಾನೂ ಕುಡಿದಳು.