ಅರವತ್ತನೆಯ ಕಂತು

ಗಾಜಿನ ಕೆಳಗಿನ ಸಂದಿಯಲ್ಲಿ ಅವಳು ನೋಟುಗಳನ್ನು ಒಳಕ್ಕೆ ತಳ್ಳಿದಳು. ಕೌಂಟರಿನ ಹಿಂದಿದ್ದ ಹೆಂಗಸು ಹಣ ಮುಟ್ಟಲಿಲ್ಲ. ಮೊದಲು ಕಂತಿನ ಪುಸ್ತಕ ಬಿಡಿಸಿ ನೋಡಿದಳು. ಐವತ್ತೊಂಬತ್ತು ಮೊಹರು, ಎಲ್ಲವೂ ಐದನೆಯ ತಾರೀಖಿನವು.

“ಬಸ್ ಡ್ರೈವರ್ ಅವರ ಪುಸ್ತಕ ಅಲ್ವಾ ಇದು?”

ಹುಡುಗಿ ತಲೆಯಾಡಿಸಿದಳು.

“ಕೊನೇ ಕಂತಿಗೆ ಇನ್ನೂ ಎಂಟು ದಿನ ಇದೆ. ಈಗಲೇ ಏನವಸರ?”

“ಇವತ್ತು ಕಟ್ಟಿದ್ರೆ ಇವತ್ತೇ ರಸೀದಿ ಸಿಗುತ್ತಾ?”

ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದ ಮಾತು ಅದೊಂದೇ.

ಗೋಡೆಯ ಗಡಿಯಾರದಲ್ಲಿ ಒಂಬತ್ತೂ ಮುಕ್ಕಾಲು. ಹನ್ನೊಂದಕ್ಕೆ ಅಪ್ಪನನ್ನು ಮನೆಯಿಂದ ಸ್ಮಶಾನಕ್ಕೆ ಹೊರಡಿಸುವುದೆಂದು ಆಗಿತ್ತು. ನಿನ್ನೆ ಸಂಜೆ ಕಾರಿನ ಚಕ್ರ ಒರೆಸಲು ಕುಕ್ಕರಗಾಲಲ್ಲಿ ಕೂತ ಅಪ್ಪ ಮತ್ತೆ ಏಳಲಿಲ್ಲ. ಒರೆಸುವ ಬಟ್ಟೆ ಕೈಯಲ್ಲೇ ಇತ್ತು. ಬೆಳಿಗ್ಗೆ ಅಣ್ಣ ಸಾಲದ ಕಾಗದಗಳನ್ನು ತೆಗೆದು ಓದಿದ್ದ. ಸಾಲ ತೆಗೆದವರು ತೀರಿಕೊಂಡರೆ ಖಾತೆ ಅಲ್ಲಿಗೇ ನಿಲ್ಲುತ್ತದೆ. ಮರಣ ಪ್ರಮಾಣಪತ್ರ ಕೊಟ್ಟು, ಅದು ದೊಡ್ಡ ಆಫೀಸಿಗೆ ಹೋಗಿ, ಉಳಿದದ್ದನ್ನು ವಿಮೆಯವರು ತುಂಬಿ ಮುಗಿಸುವಷ್ಟರಲ್ಲಿ ಮೂರು ತಿಂಗಳು. ಒಂದು ಕಂತಾದರೂ ಉಳಿಯಿತು ಎಂದಿದ್ದ ಅಣ್ಣ, ಹಾಗೆಂದವನೇ ಮುಖ ಮುಚ್ಚಿಕೊಂಡಿದ್ದ.

ಅವಳಿಗೆ ಮೂರು ತಿಂಗಳ ಸಮಯವಿರಲಿಲ್ಲ. ಆ ಕಾರು ಸಾಲದ್ದಲ್ಲ ಎಂದು ಹೇಳುವ ಒಂದು ಕಾಗದ ಹನ್ನೊಂದರೊಳಗೆ ಬೇಕಿತ್ತು.

“ಅವರೇ ಬಂದು ಸಹಿ ಹಾಕ್ಬೇಕಮ್ಮ.”

“ನಾನೂ ಹಾಕಿದ್ದೀನಿ… ಅವತ್ತು.”

ಹೆಂಗಸು ಕಡತ ತೆಗೆಸಿ ಪುಟ ಮಗುಚಿದಳು. ಅಪ್ಪನ ಸಹಿಯ ಕೆಳಗೆ ಅವಳ ಸಹಿ, ಬೇಗ ಶಾಲೆ ಬಿಟ್ಟವರ ದುಂಡು ಅಕ್ಷರಗಳಲ್ಲಿ.

“ಸರಿ. ಆದ್ರೆ ಅವರು ಯಾಕೆ ಬರ್ಲಿಲ್ಲ ಅಂತ ಇಲ್ಲಿ ಬರೀಬೇಕು.” ಹೆಂಗಸು ಪೆನ್ನಿನ ಮುಚ್ಚಳ ತೆಗೆದಳು. “ಪ್ರತಿ ತಿಂಗಳೂ ಕ್ಯೂನಲ್ಲಿ ನಿಂತೇ ಕಟ್ಟೋರು. ಫೋನಲ್ಲಿ ಕಟ್ಟಿ ಅಂದ್ರೆ, ಕೈಯಿಂದ ಕೊಟ್ರೇನೇ ಕೊಟ್ಟ ಹಾಗೆ ಅನ್ನೋರು. ‘ಮೇಡಂ, ಇನ್ನೆಷ್ಟು ಸ್ಟಾಪು?’ ಅಂತ ಕೇಳೋರು. ಕೊನೇದಕ್ಕೆ ಅವರೇ ಬರ್ಬೇಕಿತ್ತು ನೋಡು.”

ಹುಡುಗಿ ಗೋಡೆಯ ಗಡಿಯಾರದತ್ತ ನೋಡಿದಳು. ಹೆಂಗಸು ಅವಳ ಬಾಚದ ಕೂದಲನ್ನು, ಊದಿದ ಕಣ್ಣುಗಳನ್ನು, ತಿರುವುಮುರುವಾಗಿ ತೊಟ್ಟಿದ್ದ ಸ್ವೆಟರನ್ನು ನೋಡಿದಳು. ಪೆನ್ನು ಸ್ವಲ್ಪ ಹೊತ್ತು ಕಾಗದದ ಮೇಲೆಯೇ ನಿಂತಿತು. ಆಮೇಲೆ ಆಕೆಯೇ ಆ ಜಾಗದಲ್ಲಿ ‘ಹುಷಾರಿಲ್ಲ’ ಎಂದು ಬರೆದಳು. ಮೊಹರು ಒತ್ತಿ, ಎದ್ದು ಹೋಗಿ ಕಬ್ಬಿಣದ ಬೀರುವಿನಿಂದ ಒಂದು ಸಣ್ಣ ಲಕೋಟೆ ತಂದು, ರಸೀದಿಯ ಜೊತೆ ಸಂದಿಯಿಂದ ಹೊರಕ್ಕೆ ಸರಿಸಿದಳು. ಲಕೋಟೆಯಲ್ಲಿದ್ದುದು, ಸಾಲ ತೀರುವವರೆಗೆ ಕಂಪನಿಯವರು ತಮ್ಮಲ್ಲೇ ಇಟ್ಟುಕೊಳ್ಳುವ ಕಾರಿನ ಎರಡನೆಯ ಕೀ.

“ಹುಷಾರಾಗಿ ಹೋಗಮ್ಮ,” ಎಂದಳು.

* * *

ಡಿಪೋದಲ್ಲಿ ಅಪ್ಪನಿಗೆ ‘ನಲವತ್ತು’ ಎಂದು ಹೆಸರು. ಮೂವತ್ತೊಂದು ವರ್ಷ ಒಂದೇ ರೂಟಿನ ಬಸ್ಸು. ವೇಗ ನಲವತ್ತು ದಾಟದಂತೆ ಎಂಜಿನ್ನಿಗೇ ಬೀಗ ಹಾಕಿದ್ದರು. ಬೀಗವಿಲ್ಲದ ಬಸ್ಸು ಕೈಗೆ ಬಂದ ದಿನವೂ ಅಪ್ಪ ನಲವತ್ತು ದಾಟುತ್ತಿರಲಿಲ್ಲ. ಜೊತೆಯ ಕಂಡಕ್ಟರು ಬಸ್ಸಿನ ಮೈಗೆ ಒಂದು ಸಲ ಬಡಿದರೆ ನಿಲ್ಲಬೇಕು, ಎರಡು ಸಲ ಬಡಿದರೆ ಹೊರಡಬೇಕು. ಇಪ್ಪತ್ತೆರಡು ವರ್ಷ ಅವರಿಬ್ಬರ ನಡುವಿನ ಮಾತುಕತೆ ಹೆಚ್ಚುಕಡಿಮೆ ಅಷ್ಟೇ.

ಒಂದು ದಿನ ಸಿಗ್ನಲ್ಲಿನಲ್ಲಿ ಬಸ್ಸಿನ ಪಕ್ಕ ಒಂದು ಕಾರು ಬಂದು ನಿಂತಿತಂತೆ. ಕಡುನೀಲಿ, ಎರಡೇ ಬಾಗಿಲು, ನೆಲಕ್ಕೆ ಹೊಟ್ಟೆ ತಾಗಿಸಿ ಹೊಂಚು ಹಾಕಿದ ಹಾಗೆ. ದೀಪ ಹಸಿರಾಗಿ ಅಪ್ಪ ಗೇರು ಹಾಕುವಷ್ಟರಲ್ಲಿ ಅಲ್ಲಿ ಕಾರಿರಲಿಲ್ಲ, ಸದ್ದು ಮಾತ್ರ ಇತ್ತು. ಆ ಸದ್ದನ್ನು ಊಟಕ್ಕೆ ಕೂತಾಗ ಬಾಯಲ್ಲೇ ಮಾಡಿ ತೋರಿಸಿದರು. ನಿವೃತ್ತಿಯಾಗುವವರೆಗೆ, ಹನ್ನೆರಡು ವರ್ಷ, ಆಗಾಗ ಮಾಡಿ ತೋರಿಸುತ್ತಿದ್ದರು.

ನಿವೃತ್ತಿಯ ಹಣದಲ್ಲಿ ಅರ್ಧ ಅಣ್ಣನ ಮನೆಗೆ ಹೋಯಿತು. ಉಳಿದದ್ದರಲ್ಲಿ ಮುಂಗಡ ಕೊಟ್ಟು, ಹಲ್ಲಿನ ಡಾಕ್ಟರೊಬ್ಬರು ಹತ್ತು ವರ್ಷ ಓಡಿಸಿ ಬಿಟ್ಟಿದ್ದ ಅಂಥದೇ ಕಾರನ್ನು ಅಪ್ಪ ಹಿಡಿದರು. ಸಾಲದವರು ಮೊದಲು ನಕ್ಕರು. ಅರವತ್ತರ ಮನುಷ್ಯ, ಹತ್ತು ವರ್ಷ ಹಳೆಯ ಕಾರು, ಅದೂ ಐದು ಸೆಕೆಂಡಿನಲ್ಲಿ ನೂರು ಮುಟ್ಟುವಂಥದು. ಬಡ್ಡಿ ಹೆಚ್ಚಾಗುತ್ತದೆ, ಜೊತೆಗೆ ದುಡಿಯುವ ಇನ್ನೊಬ್ಬರ ಸಹಿ ಬೇಕು ಎಂದರು. ಅಣ್ಣ ಒಪ್ಪಲಿಲ್ಲ.

“ಹಾಸಿಗೆ ಇದ್ದಷ್ಟು ಕಾಲು ಚಾಚ್ಬೇಕಪ್ಪ,” ಎಂದ.

“ಮೂವತ್ತು ವರ್ಷ ಕಾಲು ಮಡಚ್ಕೊಂಡೇ ಕೂತಿದ್ದೀನಿ ಕಣೋ,” ಎಂದರು ಅಪ್ಪ.

ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದ ಮಗಳು ಬಂದು ಸಹಿ ಹಾಕಿದಳು. ಅಪ್ಪ ಅದೇ ಲಾಂಡ್ರಿಯ ವ್ಯಾನ್ ಓಡಿಸಲು ಸೇರಿದರು. ಆ ಸಂಬಳ ಕಂತಿಗೆ ಸರಿಹೋಗುತ್ತಿತ್ತು. ಪೆಟ್ರೋಲಿಗಾಗಿ ಸಿಗರೇಟು ಬಿಟ್ಟರು. ಟೈರಿಗಾಗಿ ಕನ್ನಡಕ ಬದಲಿಸುವುದನ್ನು ಮುಂದಕ್ಕೆ ಹಾಕಿದರು. ಎದೆಯ ಪರೀಕ್ಷೆ ಮಾಡಿಸಿ ಎಂದು ಡಾಕ್ಟರು ಬರೆದುಕೊಟ್ಟ ಚೀಟಿಯೊಂದು ಇವತ್ತು ಬೆಳಿಗ್ಗೆ ಕಂತಿನ ಪುಸ್ತಕದೊಳಗೆ ಸಿಕ್ಕಿತ್ತು. ಏಳು ತಿಂಗಳ ಹಿಂದಿನದು. ಅವಳು ಅದನ್ನು ಯಾರಿಗೂ ತೋರಿಸದೆ ಮಡಚಿ ಜೇಬಿಗೆ ಹಾಕಿಕೊಂಡಿದ್ದಳು.

ಅಮ್ಮ ಮಾತ್ರ ಆ ಕಾರಿಗೆ ಕಾಲಿಡಲಿಲ್ಲ. ಅಮ್ಮನಿಗೆ ಎಂಟು ವರ್ಷವಿದ್ದಾಗ, ಕಂತು ತಪ್ಪಿತೆಂದು ಅಂಗಡಿಯವರು ಮನೆಗೆ ಬಂದು, ಸೋಫಾದ ಮೇಲೆ ಕೂತಿದ್ದ ಅಜ್ಜಿಯನ್ನು ಎಬ್ಬಿಸಿ, ಸೋಫಾ ಹೊತ್ತುಕೊಂಡು ಹೋಗಿದ್ದರು. ಆ ಖಾಲಿ ಜಾಗದ ಪಕ್ಕದಲ್ಲಿ ಅಜ್ಜಿ ಸಂಜೆಯವರೆಗೆ ನಿಂತೇ ಇದ್ದಳಂತೆ. ಅಂದಿನಿಂದ ಅಮ್ಮ ಸಾಲದ ವಸ್ತುವಿನ ಮೇಲೆ ಕೂತವಳಲ್ಲ.

“ತೀರ್ಸಿ. ಆಮೇಲೆ ಕೂರ್ತೀನಿ,” ಎಂದಿದ್ದಳು.

ಅಪ್ಪ ವಾದ ಮಾಡಲಿಲ್ಲ. ಹರಿದಿದ್ದ ಪಕ್ಕದ ಸೀಟಿಗೆ ಹೊಸ ಹೊದಿಕೆ ಹೊಲಿಸಿದರು, ಅದರ ಮೇಲೆ ಸುತ್ತಿಕೊಟ್ಟಿದ್ದ ಪ್ಲಾಸ್ಟಿಕ್ಕನ್ನು ಹಾಗೇ ಬಿಟ್ಟರು. ಅದನ್ನು ಅವಳೇ ಹರಿಯಲಿ, ಆ ದಿನ ಹೆದ್ದಾರಿಗೆ ಹೋಗಿ ಗಾಡಿಯನ್ನು ನಿಜವಾಗಿ ಓಡಿಸುತ್ತೇನೆ ಎನ್ನುತ್ತಿದ್ದರು. ಅಲ್ಲಿಯವರೆಗೆ ಭಾನುವಾರಕ್ಕೊಂದು ಸುತ್ತು, ಹಳೆಯ ಬಸ್ ರೂಟಿನಲ್ಲೇ, ನಲವತ್ತರಲ್ಲೇ.

* * *

ಅವಳು ಮನೆ ಮುಟ್ಟಿದಾಗ ಶವದ ವ್ಯಾನು ಗೇಟಿನ ಮುಂದೆ ಬಂದು ನಿಂತಿತ್ತು. ಒಳಗೆ ಜಾಗವಿಲ್ಲದೆ ಡಿಪೋದವರೆಲ್ಲ ಅಂಗಳದಲ್ಲಿದ್ದರು. ಸಾವಿನ ಮನೆಯಲ್ಲಿ ಕೈ ಎಲ್ಲಿಡಬೇಕೆಂದು ತಿಳಿಯದ ಗಂಡಸರು ಕಾರಿನ ಸುತ್ತ ನಿಂತು ಅದನ್ನೇ ನೋಡುತ್ತಿದ್ದರು. ಎಷ್ಟು ಓಡುತ್ತದೆ ಇದು ಎಂದು ಯಾರೋ ಮೆಲ್ಲಗೆ ಕೇಳಿದರು. ಅಪ್ಪನ ಕಂಡಕ್ಟರು ಗಾಜಿನೊಳಗೆ ಇಣುಕಿದರು.

“ಇನ್ನೂರ ಎಂಬತ್ತು ಅಂತ ಬರ್ದಿದೆ. ನಮ್ಮ ನಲವತ್ತು ನಲವತ್ತನ್ನ ಮಾತ್ರ ಬಳಸ್ದ. ಇನ್ನೂರ ನಲವತ್ತು ಹಾಗೇ ಮಿಕ್ತು ನೋಡಿ.”

ಒಂದಿಬ್ಬರು ನಕ್ಕರು. ಕಂಡಕ್ಟರು ನಗಲಿಲ್ಲ.

ಅಣ್ಣ ಅವಳನ್ನು ಬಾಗಿಲಲ್ಲೇ ತಡೆದ. ಅಪ್ಪ ಹೀಗೆ ಮಲಗಿರುವಾಗ ಎಲ್ಲಿಗೆ ಹೋಗಿದ್ದೆ ಎಂದು ಗದರಿದ. ಅಮ್ಮನನ್ನು ಸ್ಮಶಾನಕ್ಕೆ ತನ್ನ ಸ್ನೇಹಿತನ ಗಾಡಿಯಲ್ಲಿ ಕರೆತರಲು ಹೇಳಿದ್ದಾನೆ. ಕಾರಿಗೂ ಒಬ್ಬರು ಗಿರಾಕಿ ಇದ್ದಾರೆ, ಕಾಗದ ಆದಾಗ ಆಗಲಿ, ಗಾಡಿಯನ್ನು ಸೋಮವಾರವೇ ಒಯ್ಯುತ್ತಾರೆ. ಅವಳು ರಸೀದಿ ಚಾಚಿದಳು. ಅಣ್ಣ ಎರಡು ಸಲ ಓದಿದ.

“ವಿಮೆಯೋರು ಕಟ್ತಿದ್ರಲ್ಲೇ. ನಿನ್ನ ದುಡ್ಡು ಯಾಕೆ ದಂಡ ಮಾಡ್ಕೊಂಡೆ?”

“ಅಮ್ಮ ಕೂರಲಿ ಅಂತ.”

ಅಣ್ಣ ಕಾಗದವನ್ನು ಮಡಿಕೆಗೆ ಮಡಿಕೆ ಸೇರಿಸಿ ಹಿಂದಕ್ಕೆ ಕೊಟ್ಟ. ಕೊಡುವಾಗ ಅವಳ ಕೈಯನ್ನು ಒಂದು ಕ್ಷಣ ಬಿಡಲಿಲ್ಲ.

ಒಳಗಿನ ಕೋಣೆಯಲ್ಲಿ ಪಕ್ಕದ ಮನೆಯಾಕೆ ಅಮ್ಮನ ಬೆನ್ನು ಸವರುತ್ತಾ, ಆ ಕಾರೇ ಮನುಷ್ಯನನ್ನು ತಿಂದುಹಾಕಿತು, ಈ ವಯಸ್ಸಿಗೆ ಬೇಕಿತ್ತೇ ಎನ್ನುತ್ತಿದ್ದಳು. ಅಮ್ಮ ಕೇಳಿಸಿಕೊಂಡಂತೆ ಕಾಣಲಿಲ್ಲ. ಹುಡುಗಿಯ ಕೈ ಜೇಬಿನ ಚೀಟಿಯ ಮೇಲೆ ಹೋಯಿತು. ಅದನ್ನು ಇನ್ನೂ ಒಳಕ್ಕೆ ತುರುಕಿ, ರಸೀದಿಯನ್ನೂ ಕೀಯನ್ನೂ ಅಮ್ಮನ ಮಡಿಲಲ್ಲಿಟ್ಟಳು. ಅಮ್ಮ ಬೆರಳಿಟ್ಟು ಸಾಲು ಸಾಲಾಗಿ ಓದಿದಳು. ಕೊನೆಗೆ ಮೊಹರಿನ ಮೇಲೆ ಬೆರಳು ನಿಂತಿತು.

“ಇವತ್ತಿಂದು.”

“ಹೂಂ.”

“ನಾನು ಕೂರ್ಲಿಲ್ಲ ಅಂತ ಅವರು ಓಡಿಸ್ಲಿಲ್ಲ ಕಣೇ. ಐದು ವರ್ಷ. ಈಗ ಕೂತು ಏನು ಬಂತು?”

ಹುಡುಗಿ ಬಗ್ಗಿ, ಮಂಚದ ಕೆಳಗೆ ಕೈ ಚಾಚಿ, ಹಳೆಯ ಹೊದಿಕೆಯ ಹಿಂದೆ ಬಚ್ಚಿಟ್ಟಿದ್ದ ರಟ್ಟಿನ ಡಬ್ಬಿಯನ್ನು ಎಳೆದು ಅಮ್ಮನ ಪಾದದ ಬಳಿ ಇಟ್ಟಳು. ಒಳಗೆ ಹೊಸ ಚಪ್ಪಲಿ. ಈ ತಿಂಗಳ ಐದಕ್ಕೆ ಅಪ್ಪ ಕಂತು ಕಟ್ಟಿ, ಇನ್ನೊಂದೇ ಸ್ಟಾಪು ಎನ್ನುತ್ತಾ ಬಂದ ಮಾರನೆಯ ದಿನ ಅಮ್ಮ ಕೊಂಡದ್ದು. ಯಾರೂ ಇಲ್ಲವೆಂದುಕೊಂಡು ಅಮ್ಮ ಅದನ್ನು ಮೆಟ್ಟಿ ಕೋಣೆಯೊಳಗೆ ನಾಲ್ಕು ಹೆಜ್ಜೆ ನಡೆದು ನೋಡಿದ್ದನ್ನು ಅವಳು ಬಾಗಿಲ ಸಂದಿಯಿಂದ ಕಂಡಿದ್ದಳು.

ಅಮ್ಮ ಡಬ್ಬಿಯನ್ನೇ ನೋಡುತ್ತಾ ಕೂತಳು. ಹೊರಗೆ ಗಂಡಸರು ಅಪ್ಪನನ್ನು ಎತ್ತುವ ಸದ್ದಾಯಿತು. ಅಮ್ಮ ಒಂದೊಂದೇ ಪಾದವನ್ನು ಚಪ್ಪಲಿಯೊಳಗೆ ಸೇರಿಸಿ ಎದ್ದಳು.

* * *

ಅವಳಿಗೆ ಕಾರು ಕಲಿಸಿದ್ದು ಅಪ್ಪ. ಕ್ಲಚ್ಚು, ಗೇರು, ಕನ್ನಡಿ, ಆಮೇಲೆ ಸ್ಟಾಪು. ಬಸ್ ಸ್ಟಾಪು ಬಂದರೆ ಅಂಚಿಗೆ ಸರಿ, ನಿಲ್ಲು, ಮೂರು ಎಣಿಸು, ಹಿಂದೆ ನೋಡು, ಹೊರಡು. ಅಪ್ಪ ತಾವು ಓಡಿಸುವಾಗಲೂ ಹಾಗೆಯೇ. ಕಾಯುತ್ತಿದ್ದ ಜನ ಬಾಗಿಲಿಲ್ಲದ ಕಡೆ ಬಾಗಿಲು ಹುಡುಕಿ ತಬ್ಬಿಬ್ಬಾಗುತ್ತಿದ್ದರು. ಅವಳು ಬೇರೆ ಯಾರ ಕಾರಿನಲ್ಲೂ ಕೂತವಳಲ್ಲ, ಅದೇ ನಿಯಮವೆಂದುಕೊಂಡಳು.

ಬಾಡಿಗೆ ಕಾರಿನಲ್ಲಿ ಕೊಟ್ಟ ಲೈಸೆನ್ಸಿನ ಪರೀಕ್ಷೆಯಲ್ಲಿ ಅಧಿಕಾರಿ ಮೂರನೆಯ ಸ್ಟಾಪಿನವರೆಗೆ ತಾಳಿದ.

“ಯಾರನ್ನಮ್ಮ ಹತ್ತಿಸ್ಕೊಳ್ತಿದ್ದೀಯ?” ಎಂದು ಕೇಳಿ ಫೇಲು ಮಾಡಿದ.

ಮನೆಗೆ ಬಂದು ಹೇಳಿದಾಗ ಅಪ್ಪ ನಕ್ಕ ನಗುವಿಗೆ ಕಣ್ಣಲ್ಲಿ ನೀರು ಬಂದಿತ್ತು. ಎರಡನೆಯ ಸಲ ಅವಳು ಪಾಸಾದಳು. ಆದರೂ ಅಪ್ಪ ಪಕ್ಕದಲ್ಲಿದ್ದಾಗ, ಅಂದರೆ ಹಿಂದಿನ ಇಕ್ಕಟ್ಟು ಸೀಟಿನಲ್ಲಿ ಮೊಣಕಾಲು ಗದ್ದಕ್ಕೆ ತಾಗಿಸಿ ಕೂತಿದ್ದಾಗ, ಅವಳು ಪ್ರತಿ ಸ್ಟಾಪಿನಲ್ಲೂ ನಿಲ್ಲಿಸುತ್ತಿದ್ದಳು. ಪಕ್ಕದ ಸೀಟಿನಲ್ಲಿ ಅಪ್ಪನೂ ಕೂರುತ್ತಿರಲಿಲ್ಲ.

* * *

ಪ್ಲಾಸ್ಟಿಕ್ಕು ಐದು ವರ್ಷದ ಬಿಸಿಲಿಗೆ ಗಡುಸಾಗಿತ್ತು. ಅಮ್ಮ ಬಾಗಿಲ ಬಳಿ ನಿಂತು ಎರಡೂ ಕೈಯಿಂದ ಎಳೆದಾಗ ಚರ್ರನೆ ಹರಿಯಿತು. ಅಂಗಳದಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅಮ್ಮ ಹರಿದದ್ದನ್ನೆಲ್ಲ ಮಡಚಿ, ಬಿಸಾಡದೆ ಮಡಿಲಲ್ಲಿಟ್ಟುಕೊಂಡು, ಬೆನ್ನು ತಾಗಿಸದೆ ಕೂತಳು. ಎರಡನೆಯ ಕೀ ಅವಳ ಮುಷ್ಟಿಯಲ್ಲಿತ್ತು.

ಅಣ್ಣ ವ್ಯಾನಿನಲ್ಲಿ ಅಪ್ಪನ ಜೊತೆ ಕೂತ. ಕಾರಿನ ಹಿಂದಿನ ಸೀಟು ಹೆಸರಿಗಷ್ಟೇ ಸೀಟು. ಕಂಡಕ್ಟರು ಮೈ ಮುದುರಿ ಅದರೊಳಗೆ ತೂರಿಕೊಂಡರು.

“ಹೊರಡು ಪುಟ್ಟ,” ಎಂದರು, ಸ್ಟೇರಿಂಗ್ ಹಿಡಿದಿದ್ದ ಹುಡುಗಿಗೆ.

ವ್ಯಾನು ಮುಂದೆ, ಕಾರು ಹಿಂದೆ. ಸ್ಮಶಾನದ ದಾರಿಯೂ ಅದೇ ರೂಟು. ಮೊದಲ ಸ್ಟಾಪು ಬಂದಾಗ ಅವಳ ಕೈ ತಾನಾಗಿ ಸ್ಟೇರಿಂಗನ್ನು ಅಂಚಿಗೆ ಎಳೆಯಿತು. ಕಾರು ನಿಂತಿತು. ಒಂದು, ಎರಡು, ಮೂರು. ಏನು ಮಾಡುತ್ತಿದ್ದೇನೆಂದು ಅವಳಿಗೆ ಹೊಳೆಯುವ ಮೊದಲೇ ಹಿಂದಿನಿಂದ ಕಂಡಕ್ಟರ ಕೈ ಮೇಲೇರಿ ಕಾರಿನ ಚಾವಣಿಯನ್ನು ಎರಡು ಸಲ ಬಡಿಯಿತು. ಅವಳು ಹೊರಟಳು. ಎರಡನೆಯ ಸ್ಟಾಪಿನಲ್ಲೂ ಹಾಗೆಯೇ, ಮೂರನೆಯದರಲ್ಲೂ ಹಾಗೆಯೇ. ವ್ಯಾನು ದೂರವಾಗಿ, ಕಾದು, ಮತ್ತೆ ಮುಂದೆ ಹೋಗುತ್ತಿತ್ತು. ಅಮ್ಮ ಪ್ರತಿ ಸ್ಟಾಪಿನಲ್ಲೂ ಕಿಟಕಿಯಾಚೆ ನಿಂತ ಮುಖಗಳನ್ನು ನೋಡಿದಳು. ಐದನೆಯದರ ಹೊತ್ತಿಗೆ ಅಮ್ಮನ ಬೆನ್ನು ಸೀಟಿಗೆ ತಾಗಿತ್ತು.

ಕೊನೆಯ ಸ್ಟಾಪು ಸ್ಮಶಾನದ ತಿರುವಿಗೆ ಮೊದಲು. ಕಾರು ನಿಂತಿತು. ಹುಡುಗಿ ಮೂರು ಎಣಿಸಿದಳು. ಬಡಿತ ಕೇಳಿಸಲಿಲ್ಲ. ಕನ್ನಡಿಯಲ್ಲಿ ನೋಡಿದರೆ ಕಂಡಕ್ಟರು ಮುಖವನ್ನು ಎರಡೂ ಅಂಗೈಯಲ್ಲಿ ಮುಚ್ಚಿಕೊಂಡಿದ್ದರು. ವ್ಯಾನು ತಿರುವಿನಲ್ಲಿ ಮರೆಯಾಯಿತು. ಸ್ಟಾಪಿನಲ್ಲಿದ್ದ ಜನ ಆ ನೀಲಿ ಕಾರನ್ನೂ ಒಳಗಿದ್ದ ಮೂವರನ್ನೂ ನೋಡುತ್ತಿದ್ದರು. ಎಂಜಿನ್ನು ಮೆಲ್ಲಗೆ ಗುಡುಗುತ್ತಿತ್ತು. ಬ್ರೇಕಿನ ಮೇಲಿದ್ದ ಅವಳ ಕಾಲು ಮೇಲೇಳಲಿಲ್ಲ.

ಅಮ್ಮ ಮುಷ್ಟಿ ಬಿಚ್ಚಿದಳು. ಕೀಯನ್ನು ಬೆರಳ ನಡುವೆ ಹಿಡಿದು ಎದುರಿನ ಡ್ಯಾಶ್‌ಬೋರ್ಡಿಗೆ ಒಂದು ಸಲ ಬಡಿದಳು. ಕೈ ಅಲ್ಲೇ ನಿಂತಿತು.

ಆಮೇಲೆ ಇನ್ನೊಂದು ಸಲ ಬಡಿದಳು.

ಕಾರು ಅಂಚಿನಿಂದ ರಸ್ತೆಗೆ ಇಳಿಯಿತು. ಮುಳ್ಳು ನಿಧಾನವಾಗಿ ನಲವತ್ತಕ್ಕೆ ಏರಿ ಅಲ್ಲೇ ನಿಂತಿತು.