ಹೂಂ ಎನ್ನುವ ಕಾರು

ನಮ್ಮ ಕಾರಿನ ಮುಂದಿನ ಎಡಗಡೆಯ ಸ್ಟ್ರಟ್ ಸವೆದದ್ದು ಯಾವಾಗ ಎಂದು ನನಗೆ ಗೊತ್ತಿಲ್ಲ. ಅದು ದೇವರಾದದ್ದು ಯಾವಾಗ ಎಂದು ಮಾತ್ರ ಚೆನ್ನಾಗಿ ಗೊತ್ತು.

ಹೊಸನಗರದಿಂದ ತೀರ್ಥಹಳ್ಳಿಗೆ ಹೊರಟಿದ್ದೆವು. ಕಾರು ಓಡಿಸುತ್ತಿದ್ದವಳು ನಾನು, ಜಿನಶ್ರೀ. ಪಕ್ಕದಲ್ಲಿ ನಮ್ಮತ್ತೆ ಧರ್ಮಾವತಿ. ಹಿಂದಿನ ಸೀಟಿನಲ್ಲಿ ನಮ್ಮನೆಯವರು ಪುಷ್ಪರಾಜ್, ಎಂದಿನಂತೆ ಗೊರಕೆಯಲ್ಲಿ. ಕಾಳುಮೆಣಸು ಈಗಲೇ ಕೊಡುವುದು ಬೇಡ, ಇನ್ನೂ ರೇಟು ಬರುತ್ತದೆ ಎಂದು ಅತ್ತೆ ಹೇಳುತ್ತಿದ್ದ ಹಾಗೆಯೇ ಚಕ್ರ ಒಂದು ಗುಂಡಿಗೆ ಇಳಿದು, ಅವರ ಕಾಲಡಿಯಲ್ಲಿ ‘ಟಕ್’ ಎಂದಿತು. ಮನೆಯಲ್ಲಿ ಏನಾದರೂ ಹೇಳುವಾಗ ಗೋಡೆಯ ಹಲ್ಲಿ ಲೊಚಗುಟ್ಟಿದರೆ ಆಡಿದ ಮಾತು ನಿಜವಾಗುತ್ತದೆ ಎಂದು ನೆಲಕ್ಕೆ ಬೆರಳು ಕುಟ್ಟಿ ‘ಸತ್ಯ, ಸತ್ಯ’ ಅನ್ನುತ್ತೇವಲ್ಲ, ಅದೇ ರೂಢಿಯಲ್ಲಿ ಅತ್ತೆ ಡ್ಯಾಶ್‌ಬೋರ್ಡ್ ಕುಟ್ಟಿ ‘ಸತ್ಯ, ಸತ್ಯ’ ಅಂದರು. ಮೆಣಸಿನ ರೇಟು ಏರಿಯೂ ಬಿಟ್ಟಿತು. ಮುಗೀತಲ್ಲ ಕಥೆ!

ಅಲ್ಲಿಂದ ಮನೆಯ ತೀರ್ಮಾನಗಳೆಲ್ಲ ಕಾರಿನಲ್ಲೇ ಆಗತೊಡಗಿದವು. ಯಾರ ಮದುವೆಗೆ ಹೋಗಬೇಕು, ಮಾಡಿನ ಹಂಚು ತೆಗೆದು ಯಾವಾಗ ಕೈಯಾಡಿಸಬೇಕು, ನನ್ನ ಹಲ್ಲು ಕೀಳಿಸಬೇಕೋ ಬೇಡವೋ, ಎಲ್ಲವನ್ನೂ ಅತ್ತೆ ಸೀಟಿನಲ್ಲಿ ನೆಟ್ಟಗೆ ಕೂತು ಕೇಳುವುದು, ಟಕ್ ಅಂದರೆ ಹೌದು, ಸುಮ್ಮನಿದ್ದರೆ ಅಲ್ಲ. ಪಕ್ಕದ ಮನೆಯ ಹೂವಮ್ಮ ಕಳೆದುಹೋದ ದನ ಎಲ್ಲಿದೆ ಎಂದು ಕೇಳಲು ಹಣ್ಣುಕಾಯಿ ಹಿಡಿದು ಬಂದಳು. ದನ ಕಾರು ನಿಲ್ಲಿಸಿದ ಶೆಡ್ಡಿನ ಹಿಂದೆಯೇ ಮಲಗಿತ್ತು. ಮಾರನೆಯ ದಿನದಿಂದ ಬಾನೆಟ್ಟಿನ ಮೇಲೆ ದಿನಾ ಒಂದು ದಾಸವಾಳ.

ನನಗೋ ಮೈಯೆಲ್ಲ ಉರಿ. ಸ್ಟ್ರಟ್ ಎಂದರೆ ಮುಂದಿನ ಚಕ್ರದ ಮೇಲೆ ನಿಂತು ಗುಂಡಿಯ ಪೆಟ್ಟನ್ನು ತಾನು ತಿನ್ನುವ ದಂಡ. ನಮ್ಮದು ಒಳಗಿನ ಎಣ್ಣೆಯನ್ನೆಲ್ಲ ಹೊರಗೆ ಕಾರಿ ಸುಮ್ಮನೆ ಕೂತಿತ್ತು. ಗ್ಯಾರೇಜಿನ ಕಾಂತರಾಜ್ ಬಾನೆಟ್ಟನ್ನು ಒಮ್ಮೆ ಒತ್ತಿ ಬಿಟ್ಟು ತೋರಿಸಿದ. ಸರಿಯಿದ್ದ ಗಾಡಿ ಒಂದು ಸಲ ಎದ್ದು ನಿಲ್ಲಬೇಕಂತೆ. ನಮ್ಮದು ಹೌದು ಹೌದು ಎಂದು ತಲೆ ಆಡಿಸುತ್ತಲೇ ಇತ್ತು. ಬೇಗ ಬದಲಿಸದಿದ್ದರೆ ತಿರುವಿನಲ್ಲಿ ಕೈಗೆ ಸಿಗುವುದಿಲ್ಲ ಎಂದ. ನಾನು ಮನೆಗೆ ಬಂದು ಬಾಯಿ ಬಡಿದುಕೊಂಡೆ. ಅತ್ತೆ ಮುಟ್ಟಬೇಡಿ ಎಂದರು. ಇವರು ಎಂದಿನಂತೆ, ‘ಅಮ್ಮ ಹೇಳ್ದಂಗೆ’ ಎಂದರು.

ಅದೇ ನಮ್ಮ ಮನೆಯ ಮಂತ್ರ. ಮದುವೆಯಾಗಿ ಬಂದಾಗ ನನಗೂ ಮೊದಲು ಅದನ್ನೇ ಕಲಿಸಿದ್ದು. ಅತ್ತೆ ಏನು ಕೇಳಿದರೂ ‘ನೀವು ಹೇಳ್ದಂಗೆ’. ಸಾರಿಗೆ ಉಪ್ಪು ಸಾಕಾ ಎಂದು ಕೇಳಿದರೂ ‘ನೀವು ಹೇಳ್ದಂಗೆ’.

ಹಾಗೆ ಹೇಳಿ ಹೇಳಿಯೇ ನಾನು ಸಿಕ್ಕಿಬಿದ್ದದ್ದು. ತೀರ್ಥಹಳ್ಳಿಯಲ್ಲಿ ಅತ್ತೆಯ ಹೆಸರಿನಲ್ಲಿ ಒಂದು ಮಳಿಗೆ ಖಾಲಿಯಾಗಿತ್ತು. ಪೂರ್ಣೇಶ್ ಎಂಬವರು ಬೇಕರಿ ಹಾಕಲು ಕೇಳಿದ್ದರು. ನನಗೆ ಅಲ್ಲಿ ಹಿಟ್ಟಿನ ಗಿರಣಿ ಇಡುವ ಆಸೆ. ಸಣ್ಣ ಆಸೆಯಲ್ಲ, ಅನ್ನ ಬಡಿಸುತ್ತಾ ಕೈ ನಿಂತುಹೋಗುವಂಥ ಆಸೆ. ಒಮ್ಮೆ ಪಾತ್ರೆ ತೊಳೆಯುತ್ತಾ, ಗಿರಣಿ ಇಟ್ಟರೆ ಹೇಗೆ ಅತ್ತೆ ಎಂದು ನೀರಿನ ಸದ್ದಿನಲ್ಲೇ ಅಂದಿದ್ದೆ. ಅವರು ನಿನಗೇನು ಅನ್ನಿಸುತ್ತದೆ ಎಂದು ಕೇಳಿದರು. ನಾನು ಕತ್ತೆ, ‘ನೀವು ಹೇಳ್ದಂಗೆ’ ಅಂದುಬಿಟ್ಟೆ! ಹಾಗಾದರೆ ಬುಧವಾರ ಪೂರ್ಣೇಶನಿಗೆ ಉತ್ತರ ಕೊಡಲು ಹೋಗುವಾಗ ಕಾರನ್ನೇ ಕೇಳೋಣ ಎಂದು ಅತ್ತೆ ಎದ್ದು ಹೋದರು.

ಆ ಕ್ಷಣದಿಂದ ನಾನು ಸ್ಟ್ರಟ್‌ನ ಸುದ್ದಿ ಎತ್ತಲಿಲ್ಲ. ಕೋಣಂದೂರು ದಾಟಿದ ಮೇಲೆ ಒಂದು ಮೋರಿ ಇದೆ, ಅದರ ಪಕ್ಕ ಎಡ ಚಕ್ರಕ್ಕೆಂದೇ ತೋಡಿಟ್ಟ ಹಾಗೆ ಗುಂಡಿ. ಬೇಕರಿಯ ಮಾತು ಬಂದಾಗ ಒಳ್ಳೆಯ ರಸ್ತೆಯಲ್ಲಿ ಸಾಗುವುದು, ಗಿರಣಿಯ ಮಾತು ಬಂದಾಗ ಗುಂಡಿಗೆ ಇಳಿಸುವುದು. ದೇವರು ಯಾರದಾದರೂ ಆಗಲಿ, ಸ್ಟೀರಿಂಗ್ ನನ್ನ ಕೈಯಲ್ಲಿತ್ತು.

ಮಂಗಳವಾರ ಮಧ್ಯಾಹ್ನ ನಮ್ಮನೆಯವರು ಹಲ್ಲು ಕಿರಿಯುತ್ತಾ ಬಂದರು. ಕಾಂತರಾಜನ ಹತ್ತಿರ ಕಾರಿನ ಮುಂದಿನ ಎರಡೂ ಸ್ಟ್ರಟ್ ಬದಲಿಸಿಕೊಂಡು ಬಂದಿದ್ದರು! ಸಾಗರದಿಂದ ಸಾಮಾನು ತರಿಸಿ, ಅಮ್ಮನಿಗೆ ಹೇಳದೆ, ನಾನು ಬಾಯಿ ಬಡಿದುಕೊಂಡದ್ದಕ್ಕೆ ಮನಸ್ಸು ಕರಗಿ. ಈ ಮನುಷ್ಯ ಆಯುಷ್ಯದಲ್ಲಿ ಒಮ್ಮೆ ನನ್ನ ಮಾತು ಕೇಳಿದ್ದು, ಅದೂ ಆ ದಿನ. ಖುಷಿಪಡಬೇಕೋ ಅಳಬೇಕೋ ತಿಳಿಯದೆ ಚೆನ್ನಾಗಿ ಬೈದೆ.

ಹೊತ್ತು ಮುಳುಗುವ ಮೊದಲು ಊಟ ಮುಗಿಸುವ ಮನೆ ನಮ್ಮದು. ಅಷ್ಟರೊಳಗೆ ಬರುತ್ತೇನೆಂದು ಹೇಳಿ ಕಾರನ್ನು ಕಾಂತರಾಜನ ಗ್ಯಾರೇಜಿಗೆ ಓಡಿಸಿದೆ. ಹಳೆಯ ಸ್ಟ್ರಟ್ ವಾಪಸ್ ಹಾಕಿಕೊಡು ಎಂದೆ. ಅವನು ನನ್ನನ್ನೊಮ್ಮೆ, ಕಾರನ್ನೊಮ್ಮೆ ನೋಡಿ, ಹೊಸದನ್ನು ಬಿಚ್ಚಿ ಹಾಳಾದದ್ದನ್ನು ಹಾಕುವ ಕೆಲಸ ತಾನು ಕಲಿತಿಲ್ಲ ಎಂದ. ಅದೂ ಅಲ್ಲದೆ ಹಳೆಯದು ಪಕ್ಕದ ಜಟ್ಟಿಂಗಪ್ಪನ ಚಹಾದಂಗಡಿಯ ತಗಡಿನ ಮಾಡಿಗೆ ಆಗಲೇ ಆಸರೆಯಾಗಿ ನಿಂತಿತ್ತು. ಪುಣ್ಯಾತ್ಮ ಅದಕ್ಕೂ ಒಂದು ದಾಸವಾಳ ಸಿಕ್ಕಿಸಿದ್ದ.

ನನ್ನ ಮುಖ ನೋಡಿ ಕಾಂತರಾಜನಿಗೆ ಏನನ್ನಿಸಿತೋ. ‘ನಿಮಗೆ ಸದ್ದು ತಾನೇ ಬೇಕಾಗಿರೋದು ಅಕ್ಕ?’ ಎಂದು ಎಡ ಚಕ್ರದ ಪ್ಲಾಸ್ಟಿಕ್ ಕಪ್ ತೆಗೆದು ಒಳಗೆ ಎರಡು ನಟ್ಟು ಹಾಕಿ ಮುಚ್ಚಿದ. ಅಪಾಯ ಇಲ್ಲ, ಸದ್ದು ಮಾತ್ರ ಬರುತ್ತದೆ ಎಂದ.

ಬಂತು. ಬುಧವಾರ ಬೆಳಗ್ಗೆ ಗೇಟು ದಾಟಿದ್ದೇ ತಡ, ಟಕಟಕಟಕಟಕ! ಗುಂಡಿಯೂ ಬೇಡ, ಮೋರಿಯೂ ಬೇಡ. ಕಾರು ಓಡಿದಷ್ಟು ಹೊತ್ತೂ ಹೂಂ, ಹೂಂ, ಹೂಂ. ಅತ್ತೆ ಸ್ವಲ್ಪ ದೂರ ಸುಮ್ಮನೆ ಕೇಳಿಸಿಕೊಂಡರು. ಆಮೇಲೆ ಸೆರಗು ಸರಿಮಾಡಿಕೊಂಡು, ಮಳಿಗೆಯನ್ನು ಪೂರ್ಣೇಶನಿಗೆ ಕೊಡುವುದೇ ಎಂದು ಕೇಳಿದರು. ಟಕಟಕಟಕ. ಜಿನಶ್ರೀಗೆ ಗಿರಣಿ ಇಡಲು ಕೊಡುವುದೇ? ಟಕಟಕಟಕ. ಇಬ್ಬರಿಗೂ ಬೇಡ, ಕೆಡವಿ ಬಸಳೆ ಚಪ್ಪರ ಹಾಕುವುದೇ? ಟಕಟಕಟಕ. ಪುಷ್ಪರಾಜನನ್ನು ಇಲ್ಲೇ ಇಳಿಸಿ ಹೋಗುವುದೇ? ಅದಕ್ಕೂ ಟಕಟಕಟಕ. ಹಿಂದಿನ ಸೀಟಿನ ಗೊರಕೆ ನಿಂತಿತು.

ಅತ್ತೆ ಕಾರು ನಿಲ್ಲಿಸಲು ಹೇಳಿದರು. ನಿಲ್ಲಿಸಿದೆ. ಸದ್ದೂ ನಿಂತಿತು.

‘ಮೊದ್ಲು ಸರಿಯಿತ್ತು’ ಎಂದರು ಅತ್ತೆ, ಮುಂದಿನ ಗಾಜಿನ ಕಡೆಯೇ ನೋಡುತ್ತಾ. ‘ಕೆಲವಕ್ಕೆ ಹೂಂ ಅನ್ನೋದು, ಕೆಲವಕ್ಕೆ ಸುಮ್ನಿರೋದು. ನಾನು ಕೇಳಿದ್ದಕ್ಕೆ ಯೋಚ್ನೆ ಮಾಡಿ ಉತ್ರ ಕೊಡೋರು ಯಾರೋ ಒಬ್ರು ಇದಾರೆ ಅನ್ಸೋದು. ಈಗ ಇದೂ ನಿಮ್ಮಂಗೇ ಆಯ್ತು.’

ಮಾವ ತೀರಿಕೊಂಡ ಮೇಲೆ ಆ ಮನೆಯಲ್ಲಿ ಅವರ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿರಲಿಲ್ಲ. ನಾವು ಅದನ್ನು ಮರ್ಯಾದೆ ಎಂದುಕೊಂಡಿದ್ದೆವು. ಒಂದು ಸವೆದ ಕಬ್ಬಿಣದ ಜೊತೆ ಅವರು ಮಾತಾಡುತ್ತಾ ಕೂತದ್ದಕ್ಕೆ ನಾನು ಒಳಗೊಳಗೇ ನಗುತ್ತಿದ್ದೆನಲ್ಲ, ನನ್ನ ಮೇಲೇ ನನಗೆ ಸಿಟ್ಟು ಬಂತು.

ಇಳಿದು ಹೋಗಿ, ಚಕ್ರದ ಕಪ್ ಕಿತ್ತು, ಎರಡೂ ನಟ್ಟುಗಳನ್ನು ತಂದು ಅತ್ತೆಯ ಅಂಗೈಯಲ್ಲಿಟ್ಟೆ. ಮತ್ತೆ ಕೂತು ಕಾರು ಹೊರಡಿಸಿದೆ. ಹೊಸ ಸ್ಟ್ರಟ್, ಬೆಣ್ಣೆಯ ಹಾಗೆ ಸಾಗಿತು. ಮೋರಿ ಬಂತು, ಗುಂಡಿಗೆ ಬೇಕೆಂದೇ ಇಳಿಸಿದೆ. ಕಾರು ಪೆಟ್ಟು ನುಂಗಿ ಸುಮ್ಮನಿತ್ತು.

‘ಕೇಳಿ ಅತ್ತೆ’ ಎಂದೆ. ‘ನಂಗೆ ಆ ಮಳಿಗೆ ಬೇಕು. ಬೆಳಿಗ್ಗೆ ಎದ್ದು ನಂದು ಅಂತ ಹೋಗಿ ಬಾಗ್ಲು ತೆಗ್ಯಕ್ಕೆ ಒಂದು ಜಾಗ ಬೇಕು. ಪೂರ್ಣೇಶ್ ಅವ್ರು ಬೇರೆ ಕಡೆ ನೋಡ್ಕೊಳ್ಳಿ.’

ಹಿಂದಿನಿಂದ ಇವರು ‘ಅಮ್ಮ ಹೇಳ್ದಂ...’ ಎಂದು ಶುರುಮಾಡಿ ನನ್ನ ಕಣ್ಣು ಕನ್ನಡಿಯಲ್ಲಿ ಕಂಡು ನಿಲ್ಲಿಸಿದರು.

ಅತ್ತೆ ನಟ್ಟುಗಳನ್ನು ಅಂಗೈಯಲ್ಲಿ ಉರುಳಿಸಿದರು. ಆಮೇಲೆ, ಗಿರಣಿ ಎಷ್ಟು ಗಂಟೆಗೆ ತೆಗೆಯುತ್ತೀ, ರಾಗಿ ಬೇರೆ ಅಕ್ಕಿ ಬೇರೆ ಬೀಸುತ್ತೀಯೋ, ಹುಳ ಬಿದ್ದ ಗೋಧಿ ಯಾರಾದರೂ ತಂದರೆ ಏನು ಮಾಡುತ್ತೀ ಎಂದು ಒಂದೊಂದೇ ಕೇಳಿದರು. ಒಂದೊಂದಕ್ಕೂ ಹೇಳಿದೆ. ತೀರ್ಥಹಳ್ಳಿ ಹತ್ತಿರವಾಗುತ್ತಿದ್ದಂತೆ ಅವರ ಮುಖ ಅರಳಿತ್ತು.

‘ಹಂಗಾದ್ರೆ ದಿನಾ ನಿನ್ ಜೊತೆ ಬಂದು ಗಲ್ಲಾದಲ್ಲಿ ನಾನು ಕೂತ್ಕೊಳ್ತೀನಿ. ಆಗ್ಬೋದಾ?’

ನಾಲಿಗೆಯ ತುದಿಗೆ ಹಳೆಯ ಮಂತ್ರ ಬಂದೇ ಬಂತು. ನುಂಗಿಕೊಂಡೆ.

‘ಬೇಡ ಅತ್ತೆ’ ಎಂದೆ.

ನಮ್ಮತ್ತೆ ನನ್ನ ಕಡೆ ಪೂರ್ತಿ ತಿರುಗಿ ನೋಡಿದರು. ಆಮೇಲೆ ನಟ್ಟುಗಳನ್ನು ಸೆರಗಿನ ತುದಿಗೆ ಕಟ್ಟಿಕೊಂಡು, ಬೆರಳು ಮಡಚಿ ಡ್ಯಾಶ್‌ಬೋರ್ಡ್ ಕುಟ್ಟಿದರು.

‘ಸತ್ಯ’ ಎಂದರು. ‘ಸತ್ಯ.’